ದಿಬ್ಬ ಹತ್ತದ ಜಿರಳೆ

ಮಾರ್ಚ್ 2, ಭಾನುವಾರ

ಊಟದ ನಡುವೆ ಅಪ್ಪ ಜಿರಳೆಯನ್ನು ಮಾರುವ ಮಾತು ತೆಗೆದ. ಉಪ್ಪು ಈ ಕಡೆ ಕೊಡು ಅನ್ನುವಷ್ಟು ಸಲೀಸಾಗಿ!

ಜಿರಳೆ ಅಂದರೆ ನಮ್ಮ ಮನೆಯ ನೂರು ಸಿಸಿ ಬೈಕು. ಕಂದು ಬಣ್ಣ, ಮೀಸೆಯಂಥ ಎರಡು ಕನ್ನಡಿ, ಎಷ್ಟು ತುಳಿದರೂ ಸಾಯದ ಜೀವ. ದಿನಾ ಕಾಲೇಜಿಗೆ ಹೋಗುವಾಗ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ದಿಬ್ಬದ ಮೇಲಿರುವ ಅವರ ಟೈಲರ್ ಅಂಗಡಿಗೆ ಬಿಡುವುದು ನನ್ನ ಡ್ಯೂಟಿ. ಅರ್ಧ ದಿಬ್ಬದ ಕರೆಂಟ್ ಕಂಬ ಬರುವಷ್ಟರಲ್ಲಿ ಜಿರಳೆಗೆ ಏದುಸಿರು. ಅತ್ತೆ ಇಳಿಯುತ್ತಾರೆ. ನಾನೂ ಜಿರಳೆಯೂ ಮೇಲೆ ಹೋಗಿ ಕಾಯುತ್ತೇವೆ. ಅತ್ತೆ ಮಂಡಿ ಒತ್ತಿಕೊಳ್ಳುತ್ತಾ ನಡೆದು ಬರುತ್ತಾರೆ. ಮೊದಲು ಹೀಗಿರಲಿಲ್ಲ, ಹೋದ ವರ್ಷದಿಂದ ಶುರುವಾಗಿದೆ. ಸಂಜೆ ಇಳಿಯುವಾಗ ಮಾತ್ರ ಜಿರಳೆ ವಿಮಾನ. ಅತ್ತೆಗೂ ಅದು ಖುಷಿಯೇ ಇರಬೇಕು, ನನ್ನ ಭುಜವನ್ನು ಎಷ್ಟು ಪ್ರೀತಿಯಿಂದ ಹಿಡಿದುಕೊಳ್ಳುತ್ತಾರೆಂದರೆ ಮನೆಗೆ ಬಂದು ನೋಡಿದರೆ ಐದು ಬೆರಳೂ ಮೂಡಿರುತ್ತವೆ.

"ನಿಂಗೆ ಅತ್ತೆ ಮಂಡಿ ಮುಖ್ಯಾನೋ, ಆ ಡಬ್ಬ ಮುಖ್ಯಾನೋ?" ಅಂದ ಅಪ್ಪ.

"ಡಬ್ಬ ಅನ್ಬೇಡ. ಎರಡೂ ಮುಖ್ಯ."

"ಬೇಕರಿಯವನು ಕೇಳಿದಾನೆ, ಬ್ರೆಡ್ ಸಾಗಿಸೋಕೆ. ಕೊಟ್ಟು ಸ್ಕೂಟರ್ ತರ್ತೀನಿ. ಗೇರ್ ಇಲ್ಲ, ಗಲಾಟೆ ಇಲ್ಲ."

ಗೇರ್ ಇಲ್ಲ ಸರಿ, ಕಾರ್ಬ್ಯುರೇಟರೂ ಇಲ್ಲವಲ್ಲ! ಪೆಟ್ರೋಲನ್ನು ಕಂಪ್ಯೂಟರ್ ಹನಿಸುವ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ನಾನು ನಮ್ಮ ಬೈಕ್ ಗುಂಪಿನಲ್ಲಿ ಹೇಗೆ ಮುಖ ತೋರಿಸಲಿ? ಅತ್ತು ಅಂಗಲಾಚಿದೆ. ಕೊನೆಗೆ ಅಪ್ಪ ಷರತ್ತು ಹಾಕಿದ. "ಇಪ್ಪತ್ಮೂರನೇ ತಾರೀಖು ಭಾನುವಾರ. ನೀನೂ ಅಕ್ಕನೂ ಕೂತು ದಿಬ್ಬ ಹತ್ತಬೇಕು. ಯಾರೂ ಇಳೀಬಾರ್ದು. ಹತ್ತಿದ್ರೆ ಗಾಡಿ ನಿಂದು. ಇಳಿದ್ರೆ ಬೇಕರಿಯವನದ್ದು."

ಅತ್ತೆ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರ್ಚ್ 3, ಸೋಮವಾರ

ಫೋನಿನಲ್ಲಿರುವ ನಮ್ಮ ಹಳೇ ಬೈಕುಗಳ ಗುಂಪಿನ ಹೆಸರು 'ನೂರು ಸಿಸಿ ನೆಂಟರು'. ಹತ್ತನೇ ಕ್ಲಾಸಿನಿಂದ ಅಲ್ಲಿದ್ದೇನೆ. ಯಾರನ್ನೂ ನೋಡಿಲ್ಲ, ಎಲ್ಲರೂ ಗೊತ್ತು. ಜಿರಳೆಯ ಸದ್ದನ್ನು ಫೋನಿನಲ್ಲಿ ಹಿಡಿದು ಹಾಕಿದೆ. ಮೊದಲು ಬಂದವರು ಮೇನ್‌ಜೆಟ್ ಮಾವ. ಅವರು ಹೇಳಿದ್ದೇ ಗುಂಪಿನಲ್ಲಿ ಕಾನೂನು.

"ಕೇಳಿದ ಕೂಡಲೇ ಗೊತ್ತಾಯ್ತು. ಗಾಡಿ ಹಸಿದಿದೆ. ಪೆಟ್ರೋಲ್ ಸಾಲ್ತಿಲ್ಲ, ಗಾಳಿ ಜಾಸ್ತಿ. ಸೂಜಿ ಒಂದು ಮೆಟ್ಟಿಲು ಎತ್ತು."

ಕಾರ್ಬ್ಯುರೇಟರ್ ಅಂದರೆ ಗಾಳಿಗೂ ಪೆಟ್ರೋಲಿಗೂ ಸಂಬಂಧ ಕುದುರಿಸುವ ದಲ್ಲಾಳಿ. ಅದರೊಳಗೆ ಒಂದು ಸೂಜಿ. ನಾವು ಹ್ಯಾಂಡಲಿನ ಹಿಡಿ ತಿರುಗಿಸಿದಂತೆ ಸೂಜಿ ಮೇಲೇರಿ ಪೆಟ್ರೋಲಿಗೆ ದಾರಿ ಬಿಡುತ್ತದೆ. ಇಷ್ಟು ಸುಂದರವಾದ ವಿಷಯ ಕಾಲೇಜಿನಲ್ಲಿ ಒಂದಾದರೂ ಇದೆಯಾ?

'ಕಪ್ಪುಹೊಗೆ' ಅನ್ನುವವನು ಒಂದು ಪೆದ್ದು ಪ್ರಶ್ನೆ ಕೇಳಿದ. "ದಿಬ್ಬದಲ್ಲಿ ಫುಲ್ ಥ್ರಾಟಲ್ ಕೊಡ್ತೀಯಾ?"

"ಹಿಡಿ ಎಷ್ಟು ತಿರುಗುತ್ತೋ ಅಷ್ಟೂ ತಿರುಗಿಸ್ತೀನಿ ಬ್ರೋ," ಅಂದೆ. ಇಪ್ಪತ್ತು ಜನ ನಗುವ ಮುಖ ಹಾಕಿದರು. ಪಾಪ, ಅವನು ಆಮೇಲೆ ಸುಳಿಯಲಿಲ್ಲ.

ಮಾರ್ಚ್ 5

ಕೈ ತೊಳೆಯದೇ ಬರೆಯಲು ಕೂತಿದ್ದೇನೆ. ಖುಷಿಗೆ!

ಹಿತ್ತಲಲ್ಲಿ ಹಳೇ ಬೆಡ್‌ಶೀಟ್ ಹಾಸಿ ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದೆ. ಸೂಜಿ ಹಿಡಿದಿರುವ ಕೊಳವೆ ಬಂತು, ಸ್ಪ್ರಿಂಗ್ ಬಂತು. ಸ್ಪ್ರಿಂಗಿನೊಳಗೆ ಕೇಬಲ್ ಸುತ್ತ ಒಂದು ನೀಲಿ ಪ್ಲಾಸ್ಟಿಕ್ ತುಂಡು! ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಒಳಗೆ ಟೊಳ್ಳು, ಪಕ್ಕದಲ್ಲಿ ನೇರವಾಗಿ ಸೀಳಿದೆ. ನಾನು ನೋಡಿದ ಯಾವ ಚಿತ್ರದಲ್ಲೂ ಇಂಥದ್ದು ಇಲ್ಲ. ಫೋಟೋ ಹಾಕಿದೆ.

ಗುಂಪಿಗೆ ಬೆಂಕಿ ಬಿತ್ತು. ಮೇನ್‌ಜೆಟ್ ಮಾವ ಬರೆದರು: "ಎಲ್ಲರೂ ಎದ್ದು ನಿಲ್ಲಿ. ಇದು ಡ್ಯಾಂಪರ್. ನಡುಕ ತಡೆಯೋಕೆ ಮೊದಲ ಬ್ಯಾಚಿನ ಗಾಡಿಗಳಿಗೆ ಮಾತ್ರ ಹಾಕ್ತಿದ್ರು. ನಾನೂ ಬರೀ ಕೇಳಿದ್ದೆ, ಕಂಡಿದ್ದು ಇವತ್ತು." ಅಡ್ಮಿನ್ ನನ್ನ ಫೋಟೋವನ್ನು ಗುಂಪಿನ ತಲೆಗೆ ಅಂಟಿಸಿದ. ಒಬ್ಬನಂತೂ ಅದಕ್ಕೆ ಬದಲಾಗಿ ತನ್ನ ಹೆಡ್‌ಲೈಟ್ ಕೊಡುತ್ತೇನೆ ಅಂದ.

ಓಡಿಹೋಗಿ ಮೂಲೆಯ ಮೆಕ್ಯಾನಿಕ್ ಅಣ್ಣನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದ. ಕೆಮ್ಮಿದ.

"ಒಳ್ಳೇ ಪಾರ್ಟು. ಎಲ್ಲಿತ್ತೋ ಅಲ್ಲೇ ಹಾಕ್ಬಿಡು ತಂಗಿ," ಅಂದು ಸ್ಪಾನರ್ ಹುಡುಕುತ್ತಾ ಒಳಗೆ ಹೋದ. ಸ್ಪಾನರ್ ಕೈಯಲ್ಲೇ ಇತ್ತು.

ಅತ್ತೆಗೂ ತೋರಿಸಿದೆ. "ಚೆನ್ನಾಗಿದೆ ಮರಿ," ಅಂದು ಒಲೆ ಮೇಲೆ ಹಾಲಿದೆ ಅಂತ ಎದ್ದರು. ಹಾಲು ಇನ್ನೂ ಫ್ರಿಜ್ಜಿನಲ್ಲಿತ್ತು. ನಮ್ಮ ಮನೆಯಲ್ಲಿ ತಾಂತ್ರಿಕ ಆಸಕ್ತಿ ಇರುವುದು ನನ್ನೊಬ್ಬಳಿಗೇ.

ಡ್ಯಾಂಪರನ್ನು ಹತ್ತಿಯಿಂದ ಒರೆಸಿ, ಸೂಜಿ ಒಂದು ಮೆಟ್ಟಿಲು ಎತ್ತಿ, ಎಲ್ಲ ಜೋಡಿಸಿದೆ.

ಮಾರ್ಚ್ 6

ಸೂಜಿ ಎತ್ತಿದ ಫಲ: ಹೊಗೆ. ಕಪ್ಪು ಹೊಗೆ. ದಿಬ್ಬದ ಬುಡದಲ್ಲಿ ನಮ್ಮ ಹಿಂದೆ ಬರುತ್ತಿದ್ದ ಸೈಕಲ್ಲಿನವನು ಹೊಗೆಯಿಂದ ಹೊರಬರುವಾಗ ಯಾರೋ ಬೇರೆಯವನಂತೆ ಕಾಣುತ್ತಿದ್ದ. ಹಿಡಿ ತಿರುಗಿಸಿದರೆ ಜಿರಳೆ 'ಗೊಳ್' ಅನ್ನುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಅತ್ತೆಯ ತೊಡೆಯ ಮೇಲೆ ನರ್ಸುಗಳ ಬಿಳಿ ಯೂನಿಫಾರಂ ಗಂಟು ಇತ್ತು. ಹೊರಡುವಾಗ ಬಿಳಿ.

"ಬೂದು ಬಣ್ಣದ ನರ್ಸ್ ಎಲ್ಲಾದ್ರೂ ಇರ್ತಾರೇನೇ?" ಅಂದರು ಕಂಬದ ಹತ್ತಿರ ಇಳಿಯುತ್ತಾ.

"ರಿಚ್ ಆಗಿದೆ ಅತ್ತೆ, ಅಷ್ಟೇ. ಪೆಟ್ರೋಲ್ ಜಾಸ್ತಿ ಕುಡೀತಿದೆ."

"ಕುಡಿದವರ ಹಿಂದೆ ನನ್ನ ಕೂರಿಸಬೇಡ ಕಣೇ."

ಸಂಜೆ ಎಲ್ಲ ಒಗೆದುಕೊಟ್ಟೆ. ಹನ್ನೊಂದು ಅಂಗಿ, ಬಕೆಟ್ ನೀರೆಲ್ಲ ಶಾಯಿ.

ಮಾರ್ಚ್ 9, ಭಾನುವಾರ

ಮೇನ್‌ಜೆಟ್ ಮಾವನ ಸಲಹೆಯಂತೆ ಸೂಜಿ ಇಳಿಸಿ, ದೊಡ್ಡ ಮೇನ್‌ಜೆಟ್ ಹಾಕಿದೆ. ಪೆಟ್ರೋಲ್ ಬರುವ ತೂತೇ ದೊಡ್ಡದಾದರೆ ದಿಬ್ಬ ಯಾವ ಲೆಕ್ಕ! ಅತ್ತೆಯನ್ನು ಕೂರಿಸಿಕೊಂಡು ಟ್ರಯಲ್ ಹೋದೆ. ವ್ಯತ್ಯಾಸ ಸೊನ್ನೆ. ಅದೇ ಕಂಬ, ಅದೇ ಏದುಸಿರು. ಅತ್ತೆ ಅಭ್ಯಾಸಬಲದಿಂದ ಗಾಡಿ ನಿಲ್ಲುವ ಮೊದಲೇ ಒಂದು ಕಾಲು ಕೆಳಗಿಟ್ಟಿದ್ದರು.

"ಸ್ವಲ್ಪ ನಂಬಿಕೆ ಇಡಬಾರ್ದಾ ಅತ್ತೆ?"

"ನಂಬಿಕೆ ಇದ್ದಿದ್ದಕ್ಕೆ ಒಂದೇ ಕಾಲು ಇಟ್ಟಿದ್ದು."

ವಾಪಸ್ ಬಂದರೆ ಬಾಗಿಲಲ್ಲಿ ಬೇಕರಿಯವನು! ಬ್ರೆಡ್ ಕ್ರೇಟ್ ತಂದು ಜಿರಳೆಯ ಸೀಟಿನ ಮೇಲೆ ಇಟ್ಟು ಅಳತೆ ನೋಡಿದ. "ಹಿಂದಿನ ಸೀಟ್ ಕಿತ್ತಾಕಿದ್ರೆ ಎರಡು ಕ್ರೇಟ್ ಕೂರುತ್ತೆ," ಅಂದ ಅಪ್ಪನಿಗೆ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತು ಚಟ್ಟದ ಅಳತೆ ತೆಗೆದ ಹಾಗೆ. ನಾನು ಕ್ರೇಟನ್ನು ಎತ್ತಿ ಅವನ ಕೈಗೇ ಕೊಟ್ಟೆ.

ಮಾರ್ಚ್ 11

ಎಲ್ಲವನ್ನೂ ಮೊದಲಿನಂತೆ ಮಾಡಿದೆ. ಪ್ಲಗ್ ಬಿಚ್ಚಿ ನೋಡಿದರೆ ಬಿಸ್ಕತ್ತಿನ ಬಣ್ಣ. ಅಂದರೆ ಆರೋಗ್ಯ ಸರಿಯಾಗೇ ಇದೆ. ಆದರೂ ಹತ್ತುವುದಿಲ್ಲ. ಗುಂಪಿನಲ್ಲಿ ಇಂಜಿನ್ ಬಿಚ್ಚು ಅನ್ನುತ್ತಿದ್ದಾರೆ.

ಬರೆಯಲು ಮನಸ್ಸಿಲ್ಲ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಇನ್ನೊಮ್ಮೆ ಬಿಚ್ಚಿದೆ. ಒರೆಸುವಾಗ ಡ್ಯಾಂಪರ್ ಕೈಜಾರಿ, ಒಂದು ಕುಣಿತ ಕುಣಿದು, ಬಚ್ಚಲಿನ ಮೋರಿಗೆ ಹೋಯಿತು.

ಕೋಲು ಹಾಕಿದೆ, ತಂತಿ ಹಾಕಿದೆ, ಭುಜದವರೆಗೂ ಕೈ ಹಾಕಿದೆ. ಮೊದಲ ಬ್ಯಾಚಿನದು, ಇಡೀ ಗುಂಪು ಎದ್ದುನಿಂತ ವಸ್ತು, ಮೋರಿಯಲ್ಲಿ! ಅಳು ಬಂದುಬಿಟ್ಟಿತು. ಡ್ಯಾಂಪರಿಗಾಗಿಯೋ ಜಿರಳೆಗಾಗಿಯೋ ಗೊತ್ತಿಲ್ಲ, ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ಅತ್ತೆ ಹೊಲಿಗೆ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. ನಿಟ್ಟುಸಿರು ಬಿಟ್ಟು ಡಬ್ಬಿಯಿಂದ ಖಾಲಿಯಾದ ದಾರದ ರೀಲ್ ಒಂದನ್ನು ತೆಗೆದರು. ನೀಲಿ. ದೊಡ್ಡ ಕತ್ತರಿಯಿಂದ ಎರಡೂ ತುದಿ ಕಚಕ್ ಕಚಕ್ ಅಂತ ಕತ್ತರಿಸಿ, ಪಕ್ಕ ಸೀಳಿ, ತಮ್ಮ ಬೆರಳಿನ ಗೆಣ್ಣಿಗೆ ಹಿಡಿದು ಅಳತೆ ನೋಡಿ, ನನ್ನ ಮುಂದೆ ಚಾಚಿದರು.

"ತಗೋ. ಅಳಬೇಡ."

ನಾನು ಅದನ್ನು ನೋಡಿದೆ. ಅತ್ತೆಯನ್ನು ನೋಡಿದೆ. ಮತ್ತೆ ಅದನ್ನು ನೋಡಿದೆ.

"ನಿಮಗೆ ಇದರ ಅಳತೆ ಹೇಗೆ ಗೊತ್ತು?"

"ಮೊದಲನೇದನ್ನೂ ನಾನೇ ಕತ್ತರಿಸಿದ್ದು ಮರಿ."

ಹೋದ ವರ್ಷ ಸರ್ವಿಸಿಗೆ ಬಿಟ್ಟಾಗ ಅತ್ತೆಯೇ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋಗಿ, ನಮ್ಮ ಹುಡುಗಿ ಗಾಡಿ ಹಾರಿಸುತ್ತಾಳೆ, ವೇಗ ಏಳದ ಹಾಗೆ ಏನಾದರೂ ಮಾಡಪ್ಪಾ ಅಂದರಂತೆ. ಹಿಡಿ ಪೂರ್ತಿ ತಿರುಗದಂತೆ ಒಳಗೆ ಒಂದು ಅಡ್ಡ ಇಟ್ಟರೆ ಆಯಿತು ಅಂದನಂತೆ ಅವನು. ಅಡ್ಡಕ್ಕೆ ಏನಿಡುವುದು ಅಂತ ಅವನು ತಲೆ ಕೆರೆಯುತ್ತಿದ್ದಾಗ ಅತ್ತೆಯ ಚೀಲದಲ್ಲಿ ರೀಲ್ ಇತ್ತಂತೆ.

ಒಂದು ವರ್ಷ! ಅರ್ಧವೇ ತೆರೆದ ಗಂಟಲಲ್ಲಿ ಆ ಬಡ ಜೀವ ಇಬ್ಬರನ್ನು ಹೊತ್ತು ದಿಬ್ಬ ಹತ್ತಲು ನೋಡಿದೆ. ನಾನು ಸೂಜಿ ಎತ್ತಿದೆ, ಜೆಟ್ ಬದಲಿಸಿದೆ, ಮತ್ತೆ ಮತ್ತೆ ಹತ್ತಿಯಿಂದ ಒರೆಸಿ ದಾರದ ರೀಲನ್ನು ವಾಪಸ್ ಇಟ್ಟೆ!

ಅತ್ತೆ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ 17

ರೀಲ್ ಇಲ್ಲದೆ ಒಬ್ಬಳೇ ಹೋದೆ. ಹಿಡಿ ತಿರುಗಿತು, ತಿರುಗಿತು, ತಿರುಗುತ್ತಲೇ ಹೋಯಿತು. ಕಂಬ ಯಾವಾಗ ಹಿಂದೆ ಹೋಯಿತೋ ಗೊತ್ತಿಲ್ಲ. ಜಿರಳೆಗೆ ರೆಕ್ಕೆ ಇದೆ!

ಗೆದ್ದೆ.

ಮಾರ್ಚ್ 18

ಗೆದ್ದಿಲ್ಲ. ಬೆಳಿಗ್ಗೆ ಕಿಕ್ ಹೊಡೆದು ನಿಂತಿದ್ದರೆ ಅತ್ತೆ ಪಕ್ಕದಲ್ಲಿ ಹಾದು ಗೇಟು ದಾಟಿದರು. ಇಡೀ ದಾರಿ ನಡೆದೇ ಹೋಗುತ್ತಾರಂತೆ. ಪಕ್ಕದಲ್ಲೇ ಮೊದಲ ಗೇರಿನಲ್ಲಿ ಬಿಟ್ಟುಕೊಂಡು ಹೋದೆ. ಮಾತು ಬಿಟ್ಟಿದ್ದು ನೆನಪಾದದ್ದು ಅರ್ಧ ದಾರಿ ಮಾತಾಡಿದ ಮೇಲೆ.

"ಅತ್ತೆ, ಕೂತ್ಕೊಳ್ಳಿ. ಜನ ನೋಡ್ತಿದಾರೆ."

"ನೋಡ್ಲಿ. ನಡೆಯೋದು ತಪ್ಪಾ?"

"ಈಗ ದಿಬ್ಬ ಹತ್ತುತ್ತೆ. ನೀವು ಇಳಿಯೋದೇ ಬೇಡ."

"ಹತ್ತೋ ಮಾತಲ್ಲ ಮರಿ. ಹತ್ತಿದ್ದು ಸಂಜೆ ಇಳೀಬೇಕಲ್ಲ."

"ನಾನು ಬೀಳಿಸ್ತೀನಾ? ಇಷ್ಟು ವರ್ಷದಲ್ಲಿ ಒಂದು ಸಲ ಬೀಳಿಸಿದೀನಾ?"

ಅತ್ತೆ ನಿಂತರು. ಚೀಲ ಈ ಕೈಯಿಂದ ಆ ಕೈಗೆ ಬದಲಿಸಿದರು.

"ನಿನ್ನ ಕೈಯಲ್ಲಿ ಬ್ರೇಕಿದೆ, ಕಾಲಲ್ಲಿ ಬ್ರೇಕಿದೆ. ಹಿಂದೆ ಕೂತವಳಿಗೆ ಏನಿದೆ ಹೇಳು? 'ನಿಧಾನ' ಅಂತ ಕೂಗಿದ್ರೆ ನಿಂಗೆ ಗಾಳಿಗೆ ಕೇಳಲ್ಲ. ಹೋದ ವರ್ಷ ಕಿರುಚಿದೆ ಕಣೇ, ಗಂಟಲು ಕಟ್ಟೋ ಹಾಗೆ ಕಿರುಚಿದೆ. ನೀನು ತಿರುಗಿ, 'ಸೌಂಡ್ ಸೂಪರ್ ಅಲ್ವಾ ಅತ್ತೆ' ಅಂದೆ. ಅದಕ್ಕಿಂತ ಅರ್ಧ ದಿಬ್ಬ ನಡೆಯೋದೇ ವಾಸಿ ಅನ್ನಿಸ್ತು."

ಸೌಂಡ್ ಸೂಪರ್ ಆಗಿಯೇ ಇತ್ತು, ನನಗೆ ನೆನಪಿದೆ.

ಅವರು ನಡೆದರು. ನಾನು ಗಾಡಿ ಆಫ್ ಮಾಡಿ ತಳ್ಳಿಕೊಂಡು ಪಕ್ಕದಲ್ಲಿ ಹೋದೆ. ದಿಬ್ಬದಲ್ಲಿ ಜಿರಳೆ ತಳ್ಳುವುದು ಎಂಥ ಕೆಲಸ! ಅಂಗಡಿ ತಲುಪುವಾಗ ಅತ್ತೆಯ ಹಾಗೆ ನಾನೂ ಮಂಡಿ ಒತ್ತಿಕೊಳ್ಳುತ್ತಿದ್ದೆ. ಅವರೇ ಒಳಗಿಂದ ನೀರು ತಂದುಕೊಟ್ಟರು.

ಮಾರ್ಚ್ 19

ಅಪ್ಪನಿಗೆ ರೀಲಿನ ವಿಷಯ ಹೇಳಿಲ್ಲ. ಹೇಳಿದರೆ ಅತ್ತೆಯನ್ನು ವರ್ಷವಿಡೀ ಗೋಳು ಹೊಯ್ದುಕೊಳ್ಳುತ್ತಾನೆ. ಗುಂಪಿಗೂ ಹೇಳಿಲ್ಲ. ಹೇಗೆ ಹೇಳಲಿ? ಮೇನ್‌ಜೆಟ್ ಮಾವ ಹಿತ್ತಾಳೆಯಲ್ಲಿ ಒಂದು ಡ್ಯಾಂಪರ್ ಮಾಡಿಸಿ ತಮ್ಮ ಗಾಡಿಗೆ ಹಾಕಿಕೊಂಡಿದ್ದಾರೆ. "ನಡುಕ ಮಾಯ. ಪೆಟ್ರೋಲೂ ಉಳೀತಿದೆ. ಸ್ಪೀಡ್ ಸ್ವಲ್ಪ ಕಮ್ಮಿ, ಅದು ಗಾಳಿ ಎದುರಿದ್ದಕ್ಕೆ." ಇನ್ನೂ ನಾಲ್ಕು ಜನ ಆರ್ಡರ್ ಕೊಟ್ಟಿದ್ದಾರಂತೆ.

ಸಂಜೆ ಅತ್ತೆಯ ಮುಂದೆ ಒಪ್ಪಂದ ಇಟ್ಟೆ. "ಭುಜಕ್ಕೆ ಒಂದು ಏಟು ಹಾಕಿದ್ರೆ ಹಿಡಿ ಬಿಡ್ತೀನಿ. ಎರಡು ಏಟಿಗೆ ಬ್ರೇಕ್. ಯಾಕೆ ಅಂತ ಕೇಳಲ್ಲ."

"ಕೇಳಲ್ವಾ?"

"ಕೇಳಲ್ಲ."

"ನಂಗೆ ತಿಕ್ಕಲು ಹಿಡಿದು ಸುಮ್ಮಸುಮ್ಮನೆ ಹೊಡೆದ್ರೂ?"

"ಹೊಡೆದ್ರೂ."

"ಗಾಡಿ ಓಟದಲ್ಲಿದ್ರೂ? ನಿಂಗೆ ಮಜಾ ಬರ್ತಿದ್ರೂ?"

ಸ್ವಲ್ಪ ಯೋಚಿಸಿ ಹೂಂ ಅಂದೆ. ಆ ಸ್ವಲ್ಪವನ್ನು ಅತ್ತೆ ಗಮನಿಸಿದರು ಅನ್ನಿಸುತ್ತದೆ.

ಮಾರ್ಚ್ 20

ಶಾಲೆಯ ಮೈದಾನದಲ್ಲಿ ಅಭ್ಯಾಸ. ಮೊದಲ ಸುತ್ತಿನಲ್ಲೇ ಅತ್ತೆ ಹೊಡೆದ ಹೊಡೆತಕ್ಕೆ ಭುಜ ಮರಗಟ್ಟಿತು. ವರ್ಷದ ಬಾಕಿ ಎಲ್ಲ ಒಟ್ಟಿಗೆ ತೀರಿಸಿಕೊಂಡಂತಿತ್ತು. ಎರಡು ಸಲ ಇಂಜಿನ್ ಆರಿಹೋಯಿತು, ಒಂದು ಸಲ ಹಿಡಿ ಬಿಡುವುದನ್ನು ನಾನೇ ಮರೆತೆ. ಮರೆತದ್ದಕ್ಕೆ ಇಳಿದುಬಿಟ್ಟರು. ಮೈದಾನ ಸುತ್ತಿ ಬೇಡಿಕೊಂಡ ಮೇಲೆ ಮತ್ತೆ ಹತ್ತಿದರು.

ಮಾರ್ಚ್ 22, ಶನಿವಾರ

ಏಟು ಬಿದ್ದು ಹಿಡಿ ಬಿಟ್ಟಾಗ ಜಿರಳೆ ಆರಬಾರದು, ನಿಂತಲ್ಲೇ ಉಸಿರಾಡುತ್ತಿರಬೇಕು. ಮಧ್ಯಾಹ್ನ ಹಿತ್ತಲಲ್ಲಿ ಕಾರ್ಬ್ಯುರೇಟರಿನ ಗಾಳಿ ಸ್ಕ್ರೂವನ್ನು ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ ತಿರುಗಿಸುತ್ತಾ ಕೂತೆ. ಫೋನ್ ಒಳಗೆಲ್ಲೋ ಇತ್ತು. ಅತ್ತೆ ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದರು.

"ಈಗ ಸರಿ," ಅಂದರು ಇದ್ದಕ್ಕಿದ್ದಂತೆ.

"ನಿಮಗೇನು ಗೊತ್ತು?"

"ನಂಗೇನೂ ಗೊತ್ತಿಲ್ಲಪ್ಪ. ಹೆದರಿಕೆ ಆಗ್ತಿಲ್ಲ, ಅಷ್ಟೇ."

ನಾನು ಇನ್ನೂ ಕಾಲು ಸುತ್ತು ತಿರುಗಿಸಬೇಕು ಅಂದುಕೊಂಡಿದ್ದೆ. ತಿರುಗಿಸಲಿಲ್ಲ.

ಮಾರ್ಚ್ 23, ಭಾನುವಾರ

ಮೊದಲಿಂದ ಬರೆಯುತ್ತೇನೆ.

ದಿಬ್ಬದ ತುದಿಯಲ್ಲಿ ಅಪ್ಪ. ಅವನ ಪಕ್ಕ ಬೇಕರಿಯವನು, ಕ್ರೇಟ್ ಕಟ್ಟಲು ಹಗ್ಗವನ್ನೂ ತಂದಿದ್ದ ಪುಣ್ಯಾತ್ಮ. ಕೆಳಗೆ ನಾವು. ಅತ್ತೆ ಸೀಟಿನಲ್ಲಿ ಸರಿಯಾಗಿ ಕೂತು, "ನಡಿ," ಅಂದರು.

ಎರಡನೇ ಗೇರಿನಲ್ಲಿ ಹಿಡಿ ಪೂರ್ತಿ ತಿರುಗಿಸಿದೆ. ಕಂಬ ಬಂತು. ಕಂಬ ಹೋಯಿತು! ಅತ್ತೆ ಇಳಿಯಲಿಲ್ಲ, ಕಾಲನ್ನೂ ಚಾಚಲಿಲ್ಲ. ಬೇಕರಿಯವನು ಹಗ್ಗ ಸುತ್ತಿಡುವುದು ಕಂಡಿತು. ಇನ್ನು ಅತಿ ಕಡಿದಾದ ಕೊನೆಯ ತುಂಡು. ಅಲ್ಲಿ ಹಿಡಿ ಬಿಟ್ಟರೆ ಕಥೆ ಮುಗಿಯಿತು, ಗುಂಪಿನಲ್ಲಿ ಕೇಳಿದರೆ ಎಲ್ಲರೂ ಅದನ್ನೇ ಹೇಳುತ್ತಾರೆ.

ಸರಿಯಾಗಿ ಅಲ್ಲೇ ಭುಜದ ಮೇಲೆ ಏಟು. ಒಂದು. ಎರಡು.

ಇಲ್ಲ ಅತ್ತೆ, ಈಗಲ್ಲ, ಇನ್ನು ನಾಲ್ಕು ಮಾರು ಅಷ್ಟೇ, ಅಂತ ಇಡೀ ತಲೆ ಕೂಗುತ್ತಿತ್ತು. ಕೈ ಮಾತ್ರ ಆಗಲೇ ಹಿಡಿ ಬಿಟ್ಟಿತ್ತು. ಬ್ರೇಕ್ ಒತ್ತಿದೆ. ಜಿರಳೆ ದಿಬ್ಬದ ಎದೆಯ ಮೇಲೆ ನಿಂತುಬಿಟ್ಟಿತು. ಆರಲಿಲ್ಲ. ಟುಕ್ ಟುಕ್ ಟುಕ್.

ಅಪ್ಪ ಮೇಲಿಂದ ಕೂಗಿದ. "ನಿಂತೋಯ್ತಲ್ಲೇ! ಇಳಿ ಅಕ್ಕ, ಸಾಕು!"

"ನಿಂತಿದ್ದಲ್ಲ ಕಣೋ," ಅತ್ತೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. "ನಿಲ್ಲಿಸಿದ್ದು. ನಾನು!"

"ನೀನ್ಯಾಕೆ ನಿಲ್ಲಿಸಿದೆ?"

"ಚಪ್ಪಲಿ ಬಿತ್ತು."

ತಿರುಗಿ ನೋಡಿದೆ. ಹಿಂದೆ ರಸ್ತೆಯ ನಡುವೆ ಅತ್ತೆಯ ಎಡ ಚಪ್ಪಲಿ ಅಂಗಾತ ಬಿದ್ದಿತ್ತು.

"ಇಳಿದು ತಗೊಳ್ಳೋದಲ್ವಾ?" ಅಂದ ಅಪ್ಪ.

"ಯಾರೂ ಇಳೀಬಾರ್ದು ಅಂದಿದ್ದು ಯಾರು? ನಾನಂತೂ ಇಳಿಯಲ್ಲ. ಬೇಕಾದ್ರೆ ನೀನೇ ಬಂದು ತಗೋ."

ಅಪ್ಪ ಗೊಣಗುತ್ತಾ ಇಳಿದು ಬಂದು, ನಮ್ಮನ್ನು ದಾಟಿ ಹೋಗಿ, ಚಪ್ಪಲಿ ಎತ್ತಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದ. ಅಕ್ಕನ ಕಾಲಿಗೆ ತೊಡಿಸಿದ. ಅಷ್ಟು ಹೊತ್ತೂ ನಾನು ಬ್ರೇಕ್ ಒತ್ತಿ ಹಿಡಿದಿದ್ದೆ. ಜಿರಳೆ ಒಂದು ಸಲವೂ ತಡವರಿಸಲಿಲ್ಲ.

"ಈಗ ನಡಿ," ಅಂದರು ಅತ್ತೆ.

ಮೊದಲ ಗೇರ್. ಕ್ಲಚ್ ನಿಧಾನಕ್ಕೆ ಬಿಟ್ಟೆ, ಹಿಡಿ ಕೊಡುತ್ತಾ ಹೋದೆ. ಜಿರಳೆ ಒಮ್ಮೆ ಮುಗ್ಗರಿಸಿತು, ಗಂಟಲು ಸರಿಮಾಡಿಕೊಂಡಿತು, ಹೊರಟಿತು. ಪಕ್ಕದಲ್ಲಿ ನಡೆದು ಬರುತ್ತಿದ್ದ ಅಪ್ಪನಿಗೂ ನಮಗೂ ಸ್ವಲ್ಪ ಹೊತ್ತು ಸಮಸಮ ಪೈಪೋಟಿ. ಆಮೇಲೆ ಅವನು ಹಿಂದೆ ಬಿದ್ದ.

ತುದಿಯಲ್ಲಿ ಬೇಕರಿಯವನು, "ಇಂಥ ಗಾಡಿ ಮಾರ್ತಾರಾ ಯಾರಾದ್ರೂ?" ಅಂತ ಅಪ್ಪನನ್ನೇ ಬೈದು ಹೋದ.

ಮಾರ್ಚ್ 25

ಯಾವ ಜೆಟ್ ಹಾಕಿದೆ, ಸೂಜಿ ಎಷ್ಟನೇ ಮೆಟ್ಟಿಲು ಅಂತ ಗುಂಪಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಉತ್ತರ ಬರೆಯಬೇಕು. ಕಪ್ಪುಹೊಗೆಯ ಹತ್ತಿರ ಬೇರೆಯಾಗಿ ಕ್ಷಮೆ ಕೇಳಬೇಕು, ಅವನ ಪ್ರಶ್ನೆಯೇ ಸರಿಯಾಗಿತ್ತು. ಎರಡು ದಿನದಿಂದ ಪುರುಸೊತ್ತೇ ಆಗಿಲ್ಲ.

ಸಂಜೆ ಅತ್ತೆಯನ್ನು ಕರೆದುಕೊಂಡು ದಿಬ್ಬ ಇಳಿಯುತ್ತಿದ್ದೆ. ರಸ್ತೆ ಖಾಲಿ. ಒಂದು ನಾಯಿಯೂ ಅಡ್ಡ ಇರಲಿಲ್ಲ. ಭುಜದ ಮೇಲೆ ಮೆಲ್ಲಗೆ ಒಂದು ಏಟು ಬಿತ್ತು. ಹಿಡಿ ಬಿಟ್ಟೆ. ಯಾಕೆ ಅಂತ ಕೇಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಎರಡೂ ಚಪ್ಪಲಿ ಕಾಲಲ್ಲೇ ಇದ್ದವು, ಗಂಟು ತೊಡೆಯ ಮೇಲೇ ಇತ್ತು, ಅತ್ತೆ ಆರಾಮಾಗಿ ಅಂಗಡಿಗಳನ್ನು ನೋಡುತ್ತಿದ್ದರು.

ಸ್ವಲ್ಪ ದೂರ ಹೋದ ಮೇಲೆ ಅವರೇ ಕಿವಿಯ ಹತ್ತಿರ ಬಗ್ಗಿ ಹೇಳಿದರು.

"ಏನಿಲ್ಲ ಮರಿ. ಕೆಲಸ ಮಾಡುತ್ತಾ ಅಂತ ನೋಡಿದೆ."